ಓದುಗರ ಸ್ಪಂದನ: ಹಳೇ ಮನೆಗೆ ಡಿಸೈನರ್ ಬೇಕಾ, ಮೇಸ್ತ್ರಿ ಸಾಕಾ?

ಕಾಸರಗೋಡಿನ ನೀರ್ಚಾಲು ಕಡೆಯ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ಬರೆದದ್ದು ನೆನಪಿರಬಹುದು. ಮಾವನ ಕಾಲದ ಹಂಚಿನ ಮನೆ. ಅಡಿಗೆಮನೆ, ಬಚ್ಚಲು, ಎರಡು ಮಲಗುವ ಕೋಣೆ ಸರಿ ಮಾಡಿಸಬೇಕು. ಕೈಯಲ್ಲಿರುವುದು 15 ಲಕ್ಷ. ಇಂಟೀರಿಯರ್ ಡಿಸೈನರ್ ಬೇಕೇ ಬೇಕು ಅಂತ ಬೆಂಗಳೂರಿನಲ್ಲಿರುವ ಮಗನ ಹಟ. "ಚಿತ್ರ ಬರೆಯುವವರಿಗೆ ಒಂದೂವರೆ ಲಕ್ಷ ಕೊಡುವುದಾ? ನಮ್ಮ ಮೇಸ್ತ್ರಿ ಇಲ್ವಾ?" ಅಂತ ಗಂಡ. ಈಗ ಅಪ್ಪ ಮಗ ಫೋನಿನಲ್ಲೂ ಮಾತಾಡುತ್ತಿಲ್ಲ. ಯಾರ ಮಾತು ಕೇಳಲಿ ಎಂದು ಕೇಳಿದ್ದರು.

ಪತ್ರಗಳು ತುಂಬ ಬಂದವು. ಜಾಗ ಸಾಲದೆ ಕೆಲವನ್ನು ಚಿಕ್ಕದು ಮಾಡಿದ್ದೇವೆ. ಒಂದನ್ನು ಮಾತ್ರ ಬಂದ ಹಾಗೆಯೇ ಕೊಟ್ಟಿದ್ದೇವೆ.

ಮಾಡು ನೋಡಿ

ಮೊದಲು ಮಾಡು, ಅಂದರೆ ಮನೆಯ ಛಾವಣಿ, ಸೋರುತ್ತದಾ ನೋಡಿ. ಸೋರುವ ಮಾಡಿನ ಕೆಳಗೆ ಯಾವ ಡಿಸೈನರ್ ಬಂದರೂ ದುಡ್ಡು ದಂಡ. ಹಂಚು ಹೊರುವ ಮರ, ಅಂದರೆ ಪಕ್ಕಾಸು, ರೀಪು ಗಟ್ಟಿ ಇದ್ದರೆ ಹಂಚು ತೆಗೆಯಬೇಡಿ. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನಮ್ಮ ಕಡೆಯ ಮುಳಿಹುಲ್ಲಿನ ಮಾಡುಗಳಿಗೆ ಒಂದೊಂದಾಗಿ ಹಂಚು ಬಂತು. ಇಷ್ಟು ಮಳೆಯ ಊರಿನಲ್ಲಿ ಇಷ್ಟು ಕಾಲ ಬಾಳಿದ್ದು ಸುಮ್ನೆ ಅಲ್ಲ. ಕಾಂಕ್ರೀಟೇ ಬೇಕು ಅನ್ನುವುದಾದರೆ ಹಳೇ ಹಂಚನ್ನು ಸ್ಲ್ಯಾಬಿನ ಒಳಗೆ ಇಟ್ಟು ಹೊಯ್ಯುವ ಕ್ರಮ ಉಂಟು. ಕೇರಳದಲ್ಲಿ ಆರ್ಕಿಟೆಕ್ಟ್ ಲಾರಿ ಬೇಕರ್ ಅದನ್ನು ಎಷ್ಟೋ ಮನೆಗಳಲ್ಲಿ ಮಾಡಿ ತೋರಿಸಿದ್ದಾರೆ. ಸಿಮೆಂಟೂ ಉಳಿಯುತ್ತದೆ, ಸೆಕೆಯೂ ಕಡಿಮೆ.
– ನಿವೃತ್ತ ಅಧ್ಯಾಪಕರು, ಮುಳ್ಳೇರಿಯ

ನಿಮಗೇನು ಬೇಕು?

ಮಗ ಏನು ಹೇಳಿದ, ಗಂಡ ಏನು ಹೇಳಿದರು ಎಂದು ಬರೆದಿದ್ದೀರಿ. ನಿಮಗೇನು ಬೇಕು ಎಂದು ಪತ್ರದಲ್ಲಿ ಒಂದು ಸಾಲೂ ಇಲ್ಲ. ಅದನ್ನು ಮೊದಲು ಬರೆಯಿರಿ. ಆಮೇಲೆ ನಮ್ಮನ್ನು ಕೇಳಿ.
– ಓದುಗ, ಪೈವಳಿಕೆ

ಮಾತು ಖಡಕ್ಕಾಯಿತು. ಆದರೆ ಮುಂದಿನ ಪತ್ರ ಓದಿದ ಮೇಲೆ ಅದನ್ನು ಬಿಡಲು ಮನಸ್ಸು ಬರಲಿಲ್ಲ.

ನನ್ನನ್ನು ಯಾರೂ ಕೇಳಲಿಲ್ಲ

ಅಕ್ಕ, ನಿಮ್ಮ ಪತ್ರ ಓದಿ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಮನೆಯ ಅಡಿಗೆಮನೆಯನ್ನು ಹೊಸದಾಗಿ ಕಟ್ಟಿದಾಗ ನಾನು ಮದುವೆಯಾಗಿ ಬಂದು ಆರೇಳು ವರ್ಷ. ಮಾವ, ನಮ್ಮವರು, ಮೇಸ್ತ್ರಿ ಜಗಲಿಯಲ್ಲಿ ಕೂತು ಎಲ್ಲ ತೀರ್ಮಾನ ಮಾಡಿದರು. ನಾನು ಚಹಾ ಕೊಟ್ಟು ಒಳಗೆ ಬಂದೆ. ಮೇಸ್ತ್ರಿ ಒಳ್ಳೆಯವರು. ಗೋಡೆ ಇವತ್ತಿಗೂ ಒಂದು ಬಿರುಕು ಬಿಟ್ಟಿಲ್ಲ. ಆದರೆ ಆ ಅಡಿಗೆಮನೆಯಲ್ಲಿ ಒಂದು ದಿನವೂ ನನಗೆ ಸುಖವಾಗಿ ನಿಂತು ಕೆಲಸ ಮಾಡಲು ಆಗಿಲ್ಲ.

ಕಿಟಕಿ ಇಟ್ಟದ್ದು ಪಡುವಣಕ್ಕೆ. ನಮ್ಮ ಊರಿನ ಮಳೆ ಯಾವ ಕಡೆಯಿಂದ ಬೀಸಿ ಹೊಡೆಯುತ್ತದೆ ಎಂದು ನಿಮಗೆ ಗೊತ್ತು. ಜೂನ್ ಬಂತೆಂದರೆ ಕಿಟಕಿ ಹಾಕಬೇಕು, ಸಪ್ಟೆಂಬರ್ ತನಕ ತೆಗೆಯುವ ಹಾಗಿಲ್ಲ. ಒಗ್ಗರಣೆ ಹೊಗೆ ಒಳಗೇ ಸುತ್ತುತ್ತದೆ. ಬಾವಿ ಮೂಡು ದಿಕ್ಕಿಗೆ, ಬಾಗಿಲು ತೆಂಕು ದಿಕ್ಕಿಗೆ. ಕರೆಂಟು ಹೋದ ದಿನ ಕೊಡಪಾನ ಹಿಡಿದು ಅರ್ಧ ಮನೆ ಸುತ್ತಿ ಬರಬೇಕು. ಗ್ರೈಂಡರಿನ ಪ್ಲಗ್ ಪಾಯಿಂಟ್ ಸಿಂಕಿನ ಆಚೆ ಬದಿಗೆ. ವಯರನ್ನು ನಲ್ಲಿಯ ಮೇಲಿನಿಂದ ಎಳೆದು ಹಾಕುವಾಗ ಪ್ರತಿ ಸಲ ಕೈ ನಡುಗುತ್ತದೆ. ಬಲ್ಬು ಇರುವುದು ಕೋಣೆಯ ನಡುವೆ. ಕಟ್ಟೆ ಗೋಡೆಗೆ ತಾಗಿಕೊಂಡು. ಬೆಳಕು ಬೆನ್ನಿಗೆ ಬಿದ್ದು ನನ್ನ ನೆರಳು ತರಕಾರಿ ಹೆಚ್ಚುವ ಜಾಗದ ಮೇಲೇ ಬೀಳುತ್ತದೆ. ನನ್ನ ನೆರಳಿನಲ್ಲೇ ನಾನು ಕೊರೆಯುತ್ತ ಬಂದಿದ್ದೇನೆ. ಹೇಳಿದರೆ "ಆಗಲೇ ಹೇಳಬಾರದಿತ್ತಾ?" ಅನ್ನುತ್ತಾರೆ. ಆಗ ಯಾರು ಕೇಳಿದ್ದರು?

ಕಳೆದ ವರ್ಷ ತಂಗಿಯ ಮನೆಗೆ ಡಿಸೈನರ್ ಹುಡುಗಿ ಒಬ್ಬಳು ಬಂದಿದ್ದಳು. ನಾನೂ ಅಲ್ಲಿದ್ದೆ. ಸೋಫಾ, ಸೀಲಿಂಗ್ ಅಂತ ಶುರು ಮಾಡುತ್ತಾಳೆ ಎಂದುಕೊಂಡರೆ ಅವಳು ಸೀದಾ ಅಡಿಗೆಮನೆಗೆ ಹೋದಳು. ತಂಗಿಯ ಹತ್ತಿರ, "ಅಕ್ಕ, ಚಪಾತಿ ಹಿಟ್ಟು ಕಲಸುವ ಹಾಗೆ ನಿಲ್ಲಿ" ಅಂದಳು. ನೆಲದಿಂದ ಮೊಣಕೈಗೆ ಟೇಪು ಹಿಡಿದಳು. ಕಟ್ಟೆ ಅದಕ್ಕಿಂತ ನಾಲ್ಕೈದು ಇಂಚು ಕೆಳಗೆ ಬರಬೇಕಂತೆ, ಇಲ್ಲದಿದ್ದರೆ ಭುಜ, ಸೊಂಟ ಹಿಡಿಯುತ್ತದಂತೆ. ತಂಗಿ ಎಡಗೈಯವಳು ಎಂದು ನೋಡಿಯೇ ತಿಳಿದು ಸಿಂಕು ಯಾವ ಬದಿಗೆ ಬರಬೇಕೆಂದು ಬರೆದುಕೊಂಡಳು. ಬೆಳಗ್ಗೆ ಎದ್ದ ಕೂಡಲೇ ಮೊದಲು ಏನು ಮಾಡ್ತೀರಿ, ಕುಚ್ಚಲಕ್ಕಿ ಎಷ್ಟು ದೊಡ್ಡ ಪಾತ್ರೆಯಲ್ಲಿ ಬೇಯಿಸ್ತೀರಿ, ಗಂಜಿ ಎಲ್ಲಿ ಬಸಿಯುತ್ತೀರಿ ಎಂದೆಲ್ಲ ಕೇಳಿದಳು. ಅಕ್ಕ, ನಾನು ಹಿತ್ತಿಲಿಗೆ ಹೋಗಿ ಅತ್ತುಬಿಟ್ಟೆ. ಇಷ್ಟೇ ಪ್ರಶ್ನೆಗಳನ್ನು ನನ್ನ ಮನೆಯಲ್ಲಿ ಯಾರಾದರೂ ಕೇಳಿದ್ದರೆ ಸಾಕಿತ್ತು.

ನಿಮ್ಮ ಯಜಮಾನರು ಚಿತ್ರಕ್ಕೆ ದುಡ್ಡು ಅನ್ನುತ್ತಾರೆ. ಆ ದುಡ್ಡು ಕೇಳುವ ಕೆಲಸಕ್ಕೆ. ಮನೆಯವರೇ ಕೂತು ನಿಮ್ಮನ್ನು ಕೇಳಿ ಬರೆದುಕೊಳ್ಳುವುದಾದರೆ ಡಿಸೈನರ್ ಬೇಡ. ಇಲ್ಲವಾದರೆ ಕರೆಸಿ. ಖಂಡಿತ ಕರೆಸಿ.
– ಗೃಹಿಣಿ, ಬದಿಯಡ್ಕ

ಹಳೇ ಮರ ಬಿಸಾಡಬೇಡಿ

ನಾನು ಆಚಾರಿ. ಡಿಸೈನರ್‌ಗಳ ಜೊತೆಗೂ ಕೆಲಸ ಮಾಡಿದ್ದೇನೆ. ಅಳತೆ ಸರಿಯಾಗಿ ಕೊಡುವವರ ಜೊತೆ ಕೆಲಸ ಮಾಡುವುದು ಸಂತೋಷ. ಆದರೆ ಹಲಸಿನ ಬಾಗಿಲು, ಕಿರಾಲ್‌ಬೋಗಿಯ ಪಕ್ಕಾಸು ತೆಗೆಸಿ ಗುಜರಿಗೆ ಹಾಕಿಸುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಅಂಥ ಮರ ಇನ್ನು ದುಡ್ಡು ಕೊಟ್ಟರೂ ಸಿಗುವುದಿಲ್ಲ. ಕೆತ್ತಿ, ಉಜ್ಜಿ, ಎಣ್ಣೆ ಕೊಟ್ಟರೆ ಹೊಸದರ ಹಾಗೆ ಬರುತ್ತದೆ. ಅಡಿಗೆಮನೆಗೆ ಪ್ಲೈವುಡ್ ಹಾಕುವುದಾದರೆ ನೀರು ತಡೆಯುವ ಪ್ಲೈವುಡ್ಡಿಗೆ ಹಾಕುವ ಐಎಸ್ 710 ಮುದ್ರೆ ನೋಡಿಯೇ ತನ್ನಿ. ಸಿಂಕಿನ ಕೆಳಗೆ ಎಂಡಿಎಫ್, ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆ, ಹಾಕಿದರೆ ಮಳೆಗಾಲದ ಆಟಿ ತಿಂಗಳು ಕಳೆಯುವಾಗ ಉಬ್ಬಿ ನಿಲ್ಲುತ್ತದೆ. ನಿಮ್ಮ ಮಗನಿಗೂ ಇದನ್ನು ಓದಿಸಿ.
– ಮರದ ಕೆಲಸದವರು, ಕುಂಬಳೆ

ಯಾರು ಇರುತ್ತಾರೆ?

ನಮ್ಮ ಬದಿಯಲ್ಲಿ ಹೈವೇ ಅಗಲವಾದಾಗ ಎಷ್ಟೋ ಮನೆಗಳ ಮುಂಭಾಗ ಹೋಯಿತು. ಪರಿಹಾರದ ದುಡ್ಡಿನಲ್ಲಿ ಮಕ್ಕಳಿಗೆಂದು ಮಾಳಿಗೆ ಎಬ್ಬಿಸಿದವರಿದ್ದಾರೆ. ಮಕ್ಕಳು ಶಾರ್ಜಾ, ದುಬೈಯಲ್ಲಿ. ಕೋಣೆಗೆ ಬೀಗ. ಮಳೆಗಾಲದಲ್ಲಿ ಹಾಸಿಗೆಗೆ ಬೂಸ್ಟು. ನಿಮ್ಮ ಮಗ ಊರಿಗೆ ಬಂದು ಇರುತ್ತಾನಾ? ಇಲ್ಲವಾದರೆ ಇರುವ ಇಬ್ಬರಿಗೆ ಬೇಕಾದಷ್ಟೇ ಮಾಡಿಸಿ. ಬಚ್ಚಲಿಗೆ ನುಣುಪು ಟೈಲ್ಸ್ ಬೇಡ. ಗೋಡೆಗೆ ಹಿಡಿದುಕೊಳ್ಳಲು ಸರಳು ಹಾಕಿಸಿ. ಬಾಗಿಲು ಮೂರಡಿ ಇರಲಿ, ನಾಳೆ ಗಾಲಿಕುರ್ಚಿ ಬಂದರೂ ಒಳಗೆ ಹೋಗಬೇಕು.
– ವ್ಯಾಪಾರಿ, ಉಪ್ಪಳ

ಕೇಳಿದ ಪ್ರಶ್ನೆ ಬೇರೆ, ಉತ್ತರ ಬೇರೆ ಅನ್ನಿಸಬಹುದು. ಬಚ್ಚಲಿನ ಮಾತನ್ನಂತೂ ಎಲ್ಲರೂ ಗಮನಿಸಿ. ಈಗ ಡಿಸೈನರ್ ಕೆಲಸದಲ್ಲೇ ಇರುವವರೊಬ್ಬರ ಪತ್ರ.

ಮೂರು ಮಳೆಗಾಲ ಕಂಡ ಮನೆ ತೋರಿಸಿ ಅನ್ನಿ

ನಾನು ಇಂಟೀರಿಯರ್ ಡಿಸೈನರ್. ಒಂದು ವಿಷಯ ಜನರಿಗೆ ಗೊತ್ತಿಲ್ಲ. ಆರ್ಕಿಟೆಕ್ಟ್ ಎಂದು ಹಾಕಿಕೊಳ್ಳಲು 1972ರ ಕಾಯ್ದೆ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಬೇಕು. ಇಂಟೀರಿಯರ್ ಡಿಸೈನರ್ ಎಂದು ಹಾಕಿಕೊಳ್ಳಲು ಅಂಥ ಕಾನೂನು ಇಲ್ಲ. ಹಾಗಾಗಿ ಫೋನಿನಲ್ಲಿ ತೋರಿಸುವ ಫೋಟೋ ನೋಡಿ ಒಪ್ಪಬೇಡಿ. ಅವರು ಮಾಡಿದ, ಮೂರು ಮಳೆಗಾಲ ಕಳೆದ ಮನೆಯೊಂದನ್ನು ತೋರಿಸಲು ಹೇಳಿ. ಆ ಮನೆಯ ಹೆಂಗಸರ ಹತ್ತಿರ ಮಾತಾಡಿ.

ಪೂರ್ತಿ ಕೆಲಸ ವಹಿಸಲೇಬೇಕೆಂದಿಲ್ಲ. ಪ್ಲಾನು ಮಾತ್ರ ಬರೆದು ಕೊಡುವವರೂ ಇದ್ದಾರೆ, ಅದಕ್ಕೆ ಶುಲ್ಕ ಕಡಿಮೆ. ಅಡಿಗೆಮನೆ, ಬಚ್ಚಲು, ವಯರಿಂಗು, ಪೈಪು ಇಷ್ಟರ ಪ್ಲಾನು ಕಾಗದದಲ್ಲಿ ಇರಲಿ. ಕಟ್ಟುವುದು ನಿಮ್ಮ ಮೇಸ್ತ್ರಿಯೇ ಕಟ್ಟಲಿ. ಈಗ ಕೆಲಸಕ್ಕೆ ಬರುವವರಲ್ಲಿ ಬಂಗಾಳ, ಒಡಿಶಾದವರೇ ಜಾಸ್ತಿ. ಮೇಸ್ತ್ರಿ ಮಲಯಾಳದಲ್ಲಿ ಹೇಳಿ, ನೀವು ಕನ್ನಡದಲ್ಲಿ ಹೇಳಿ, ಅವರು ಹಿಂದಿಯಲ್ಲಿ ಕೇಳಿಸಿಕೊಳ್ಳುವಾಗ ಅಳತೆ ಬರೆದ ಕಾಗದ ಒಂದಿದ್ದರೆ ಒಡೆದು ಕಟ್ಟುವ ಖರ್ಚು ಉಳಿಯುತ್ತದೆ. ನಿಮ್ಮದು ಮುರಕಲ್ಲಿನ ಗೋಡೆಯಾದರೆ ಬಾಗಿಲು ಜಾಗ ಬದಲಿಸುವ ಮೊದಲು ಎಂಜಿನಿಯರ್ ಒಬ್ಬರಿಗೆ ತೋರಿಸಿ. ಕೋಣೆ ಸೇರಿಸುವುದಿದ್ದರೆ ಪಂಚಾಯತ್ ಪರವಾನಗಿ ಬೇಕು.

ಶುಲ್ಕ ಎಷ್ಟು, ಯಾವ ಹಂತಕ್ಕೆ ಎಷ್ಟು, ಎಷ್ಟು ಸಲ ಬಂದು ನೋಡುತ್ತಾರೆ, ಎಲ್ಲ ಬರಹದಲ್ಲಿ ಇರಲಿ. ಜಿಎಸ್‌ಟಿ ನೋಂದಣಿ ಇರುವವರು ಶುಲ್ಕದ ಮೇಲೆ ಶೇ. 18 ಸೇರಿಸುತ್ತಾರೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ನಾವು ಹೇಳಿದ ಅಂಗಡಿಯಿಂದಲೇ ಸಾಮಾನು ತರಬೇಕು ಎಂದು ಯಾರಾದರೂ ಪಟ್ಟು ಹಿಡಿದರೆ ಅವರನ್ನು ಬಿಟ್ಟುಬಿಡಿ.
– ಮಂಜೇಶ್ವರ

ಪ್ರಶ್ನೆ ಕೇಳಿದ ಓದುಗರಿಗೆ ಬದಿಯಡ್ಕದ ಪತ್ರದ ಪ್ರತಿಯನ್ನು ಮೊದಲೇ ಕಳಿಸಿದ್ದೇವೆ. ಮನೆಯಲ್ಲಿ ಎಲ್ಲರೂ ಇರುವಾಗ ಓದಿ ಎಂದು ಕೇಳಿಕೊಂಡಿದ್ದೇವೆ. ಅವರು ಮತ್ತೆ ಬರೆದರೆ ಇಲ್ಲೇ ಪ್ರಕಟಿಸುತ್ತೇವೆ.

ಮುಂದಿನ ಸಂಚಿಕೆಯ ಸಮಸ್ಯೆ ಎಣ್ಮಕಜೆಯಿಂದ ಬಂದಿದೆ. ಅಡಿಕೆ ತೋಟ ನೋಡಿಕೊಂಡವನು ತಮ್ಮ, ಪಾಲು ಕೇಳುತ್ತಿರುವವರು ಊರು ಬಿಟ್ಟ ಅಣ್ಣಂದಿರು. ನಿಮ್ಮ ಅಭಿಪ್ರಾಯ ಬರೆದು ಕಳಿಸಿ.