ಬ್ರಷ್ ಚೆನ್ನಾಗಿದೆ, ಸತ್ತಿದ್ದು ಸೆಲ್ ಮಾತ್ರ. ಈ ಕಸ ಯಾರ ಲೆಕ್ಕಕ್ಕೆ?

ಪ್ರಶ್ನೆ
ಮೂರು ವರ್ಷ ಬಳಸಿದ ಎಲೆಕ್ಟ್ರಿಕ್ ಟೂತ್‌ಬ್ರಷ್ ಹೋದ ವಾರ ಕೈಕೊಟ್ಟಿತು. ರಾತ್ರಿಯಿಡೀ ಚಾರ್ಜಿಗೆ ಇಟ್ಟರೂ ಹತ್ತು ಸೆಕೆಂಡ್ ಗುರ್ ಅಂದು ಸುಮ್ಮನಾಗುತ್ತದೆ. ಸೆಲ್ ಬದಲಾಯಿಸಿದರೆ ಆಯ್ತಲ್ವಾ ಅಂತ ಬಿಚ್ಚಲು ಕೂತೆ. ಒಂದೇ ಒಂದು ಸ್ಕ್ರೂ ಇಲ್ಲ! ತಳದ ಮುಚ್ಚಳಕ್ಕೆ ಗಮ್ ಹಾಕಿ ಕೂರಿಸಿದ್ದಾರೆ. ಬ್ಲೇಡಿನಿಂದ ಸುತ್ತ ಕೊಯ್ದು ತೆಗೆದರೆ, ಒಳಗೆ ಕಿರುಬೆರಳಿನಷ್ಟು ದಪ್ಪದ ಲಿಥಿಯಂ ಸೆಲ್. ಎರಡೂ ತುದಿಗೆ ತೆಳ್ಳನೆಯ ತಗಡಿನ ಪಟ್ಟಿ ವೆಲ್ಡ್ ಮಾಡಿ ಬೋರ್ಡಿಗೆ ಬೆಸೆದಿದ್ದಾರೆ.

ಕಂಪನಿಗೆ ಬರೆದೆ. ಬಿಡಿಭಾಗ ಕೊಡುವುದಿಲ್ಲ, ಹೊಸದು ಕೊಳ್ಳಿ ಅಂದರು. ಜೊತೆಗೊಂದು ಡಿಸ್ಕೌಂಟ್ ಕೂಪನ್. ಡಬ್ಬದ ಮೇಲೆ ಮಾತ್ರ ಹಸಿರು ಎಲೆಯ ಚಿತ್ರ!

ಬಿಚ್ಚಲು ಬಾರದ ಹಾಗೆ ಮಾಡಿದ್ದು ಅವರು. ಕಸ ಹಾಕಿದ ತಪ್ಪು ನನ್ನದಾ?

ಉತ್ತರ 1
ರಿಪೇರಿ ನನ್ನ ಕಸುಬು, ಅದಕ್ಕೇ ಮೊದಲು ಇದು: ಸೆಲ್ಲಿನ ಮೈಗೆ ನೇರವಾಗಿ ಸೋಲ್ಡರ್ ಮಾಡಬೇಡಿ. ಆ ಬಿಸಿ ಅಪಾಯ. ಪಟ್ಟಿ ಬೆಸೆದೇ ಬರುವ ಸೆಲ್ ಸಿಗುತ್ತದೆ, ಅಳತೆ ಮತ್ತು ವೋಲ್ಟೇಜ್ ನೋಡಿ ತರಿಸಿ. ಹಳೆಯದರ ತುದಿಗಳಿಗೆ ಟೇಪ್ ಸುತ್ತಿಡಿ. ಕಸದ ಬುಟ್ಟಿಗಂತೂ ಬೇಡ. ಲಾರಿಯಲ್ಲಿ ಅದುಮಿದಾಗ ಬೆಂಕಿ ಹೊತ್ತಿಕೊಳ್ಳಬಹುದು.

ಉತ್ತರ 2
ನಿಮ್ಮ ಪ್ರಶ್ನೆ ಹಳೆಯದು. ವಸ್ತು ಕಸವಾದ ಮೇಲೂ ಹೊಣೆ ತಯಾರಿಸಿದವರದೇ ಎಂಬ ವಿಚಾರವನ್ನು ಥಾಮಸ್ ಲಿಂಡ್‌ಕ್ವಿಸ್ಟ್ ಎಂಬ ಸಂಶೋಧಕರು 1990ರಲ್ಲಿ ಸ್ವೀಡನ್ನಿನ ಪರಿಸರ ಸಚಿವಾಲಯದ ಮುಂದಿಟ್ಟರು. ಮರುವರ್ಷ ಜರ್ಮನಿ ಪ್ಯಾಕಿಂಗ್ ಕಸದ ಹೊರೆಯನ್ನು ಕಂಪನಿಗಳ ತಲೆಗೆ ಕಟ್ಟಿತು. ಕಸದ ಖರ್ಚು ತನ್ನ ಜೇಬಿಂದ ಹೋಗುವುದಾದರೆ, ಕಂಪನಿ ಮಾಡುವಾಗಲೇ ಯೋಚಿಸುತ್ತದೆ ಅನ್ನುವ ಲೆಕ್ಕ.

ಲೆಕ್ಕ ತಪ್ಪುವುದು ತಕ್ಕಡಿಯಲ್ಲಿ. ಎಷ್ಟೋ ಕಡೆ ಕಂಪನಿ ಕಸಕ್ಕೆಂದು ಕಟ್ಟುವ ಶುಲ್ಕ ಬರೀ ತೂಕದ ಮೇಲೆ. ಗಮ್ ಹಾಕಿದ ಬ್ರಷ್ಷಿಗೂ ಸ್ಕ್ರೂ ಹಾಕಿದ್ದಕ್ಕೂ ಹೆಚ್ಚುಕಡಿಮೆ ಒಂದೇ ತೂಕ, ಒಂದೇ ಶುಲ್ಕ. ಮತ್ತೆ ಸ್ಕ್ರೂ ಯಾಕೆ ಹಾಕುತ್ತಾರೆ ಹೇಳಿ?

ಪ್ರಶ್ನೆ ಕೇಳಿದವರು
ಬ್ಯಾಟರಿಯನ್ನು ಬಳಸುವವರೇ ತೆಗೆಯುವ ಹಾಗಿರಬೇಕು ಅಂತ ಯುರೋಪಿನಲ್ಲಿ ಕಾನೂನು ಬಂದಿದೆಯಲ್ವಾ?

ಉತ್ತರ 2
ಬಂದಿದೆ. 2023ರ ನಿಯಮ, ಆ ಭಾಗ ಜಾರಿಯಾಗುವುದು 2027ರ ಫೆಬ್ರವರಿಯಿಂದ. ಆದರೆ ನೀರು ಬೀಳುವ ಕಡೆ ಬಳಸುವ, ತೊಳೆಯುವ ಸಾಧನಗಳಿಗೆ ರಿಯಾಯಿತಿ ಇದೆ. ಅವನ್ನು ಕಸುಬು ಬಲ್ಲವರು ಬಿಚ್ಚುವಂತಿದ್ದರೆ ಸಾಕು. ನಿಮ್ಮ ಬ್ರಷ್ ಆ ಸಂದಿಯಲ್ಲೇ ನುಸುಳಿಕೊಳ್ಳಬಹುದು.

ಉತ್ತರ 1
ನೀರಿನ ನೆಪ ನಾನು ಒಪ್ಪುವುದಿಲ್ಲ. ನೀರಿನಲ್ಲಿ ಮುಳುಗಿಸುವ ಟಾರ್ಚ್ ನೋಡಿ. ತಿರುಗಿಸುವ ಮುಚ್ಚಳ, ಒಂದು ರಬ್ಬರ್ ರಿಂಗ್, ಅಷ್ಟೇ. ಸೆಲ್ ಬದಲಾಯಿಸಲು ಅರ್ಧ ನಿಮಿಷ.

ಪ್ರಶ್ನೆ ಕೇಳಿದವರು
ಸೆಲ್ ತರಿಸಿದೆ, ಬ್ರಷ್ ಓಡುತ್ತಿದೆ! ಈಗ ಮುಚ್ಚಳ ಕೂರಿಸಲು ನಾನೂ ಗಮ್ಮೇ ಹಾಕಬೇಕಾ?

ಉತ್ತರ 1
ಬೇರೆ ದಾರಿ ಅವರು ಇಟ್ಟಿಲ್ಲ. ಸಿಲಿಕೋನ್ ಹಾಕಿ, ಒಂದು ದಿನ ಒಣಗಲಿ. ಮುಂದಿನ ಸಲ ಉಗುರಿನಲ್ಲೇ ಸುಲಿಯಬಹುದು.