ಅಪ್‌ಡೇಟ್: ನೋಟ್ಸ್ ಬರೆಸದ ಕ್ಲಾಸು, ನನ್ನ ಮೊದಲ ಸೆಮಿನಾರು

ಎರಡು ತಿಂಗಳ ಹಿಂದೆ ಇಲ್ಲೇ ಒಂದು ಪ್ರಶ್ನೆ ಕೇಳಿದ್ದೆ, ನೆನಪಿದೆಯಾ? ಡಿಗ್ರಿವರೆಗೂ ನೋಟ್ಸ್ ಬರೆಸುತ್ತಿದ್ದರು, ಬಾಯಿಪಾಠ ಮಾಡಿ ಪಾಸಾದೆ. ಈಗ ಶಿವಮೊಗ್ಗದಲ್ಲಿ ಎಂಎಸ್ಸಿ ಸಸ್ಯಶಾಸ್ತ್ರ. ಓದಿಕೊಂಡು ಬಂದು ನೀವೇ ಮಾತಾಡಿ ಅಂತಾರೆ, ಏನು ಮಾಡಲಿ ಅಂತ. ಗೊತ್ತಿರುವ ವಿಷಯದಿಂದಲೇ ಶುರು ಮಾಡು ಅಂದಿದ್ದಿರಿ. ಅದೇ ಕೈ ಹಿಡಿಯಿತು.

ಸೆಮಿನಾರಿಗೆ ಅಡಿಕೆಯ ಕೊಳೆರೋಗ (ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ರೋಗ) ಆರಿಸಿಕೊಂಡೆ. ನಾನು ತೀರ್ಥಹಳ್ಳಿ ಕಡೆಯವಳು, ಮಳೆಗಾಲ ಬಂದರೆ ಮನೆಯಲ್ಲಿ ಅದೇ ಮಾತು. ಈ ರೋಗದ ಬಗ್ಗೆ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಮೈಸೂರಿನಲ್ಲಿದ್ದಾಗ ಬರೆದದ್ದನ್ನು ಮೂರು ಸಲ ಓದಿದೆ. ಆಮೇಲೆ ಎಲ್ಲ ಮುಚ್ಚಿಟ್ಟು, ನೆನಪಿದ್ದಷ್ಟನ್ನು ನನ್ನ ಮಾತಲ್ಲೇ ಬರೆದೆ. ಪೆನ್ನು ನಿಂತ ಕಡೆ ಮತ್ತೆ ಓದಿದೆ.

ಊರಿಗೆ ಹೋದಾಗ ಅಪ್ಪಯ್ಯ ಈ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಮಾಡುತ್ತಿದ್ದರು. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ. ಸರಿಯಾಗಿದೆಯಾ ನೋಡಲು ಕಬ್ಬಿಣದ ಚಾಕು ಅದ್ದಿ ತೆಗೆದರು. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತಿತ್ತು. "ಸುಣ್ಣ ಸಾಲ್ಲಿಲ್ಲ ಮಗಾ" ಅಂತ ಇನ್ನಷ್ಟು ಹಾಕಿದರು. ಚಿಕ್ಕಂದಿನಿಂದ ನೋಡಿದ್ದೆ, ಯಾಕೆ ಅಂತ ಕೇಳಿರಲೇ ಇಲ್ಲ. ಈ ಸಲ ಹುಡುಕಿದೆ. ಸುಣ್ಣದ ಜೊತೆ ಸೇರದೆ ಉಳಿದ ತಾಮ್ರ ಕಬ್ಬಿಣಕ್ಕೆ ಅಂಟುತ್ತದೆ, ಗಿಡವನ್ನೂ ಸುಡುತ್ತದೆ.

ಕ್ಲಾಸಲ್ಲಿ ಇದನ್ನೇ ಹೇಳಿದೆ. ಕಾಲು ನಡುಗುತ್ತಿತ್ತು. ಈ ರೋಗ ತರುವ ಫೈಟೊಫ್ತೊರಾ ನಿಜಕ್ಕೂ ಶಿಲೀಂಧ್ರವಾ ಅಂತ ಒಬ್ಬಳು ಕೇಳಿದಳು. ಅಲ್ಲ, ಅದು ಊಮೈಸೀಟ್ ಗುಂಪಿನದ್ದು, ಶಿಲೀಂಧ್ರದಂತೆ ಕಂಡರೂ ಬೇರೆಯದೇ ಗುಂಪು ಅಂದೆ. ಅಲ್ಲಿಂದ ಚರ್ಚೆ ಅರ್ಧ ಗಂಟೆ ನಡೆಯಿತು!

ಇಂಗ್ಲಿಷ್ ಪೇಪರ್ ಓದಲು ಈಗಲೂ ಜಾಸ್ತಿ ಹೊತ್ತು ಬೇಕು. ಆದರೆ ಕ್ಲಾಸಿಗೆ ಹೋಗಲು ಭಯವಿಲ್ಲ. ಉತ್ತರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.