ಮೊದಲ ಮನೆ ತಗೊಳೋಕೆ ಹೊರಟಿದೀವಿ, ಯಾರ ಸಲಹೆ ನಂಬೋದು? ಅನುಭವ ಇರೋರು ಹೇಳಿ

ಎಲ್ಲರಿಗೂ ನಮಸ್ಕಾರ. ನಾನೂ ನನ್ನ ಹೆಂಡತೀನೂ ನಾಲ್ಕು ತಿಂಗಳಿಂದ ಮನೆ ಹುಡುಕ್ತಿದೀವಿ. ಮನೆ ನೋಡಿ ಸುಸ್ತಾಗಿದ್ದಕ್ಕಿಂತ ಸಲಹೆ ಕೇಳಿ ಸುಸ್ತಾಗಿದ್ದೇ ಜಾಸ್ತಿ. ಬಾಡಿಗೆ ಕಟ್ಟೋದು ದುಡ್ಡು ನೀರಿಗೆ ಹಾಕಿದ ಹಾಗೆ, ಬ್ಯಾಂಕು ಎಷ್ಟು ಸಾಲ ಕೊಡುತ್ತೋ ಅಷ್ಟೂ ತಗೊಂಡುಬಿಡಿ ಅಂತಾರೆ ಚಿಕ್ಕಪ್ಪ. ಆಫೀಸಲ್ಲಿ ಒಬ್ರು ಎರಡು ವರ್ಷ ಕಾಯಿರಿ ರೇಟು ಬೀಳುತ್ತೆ ಅಂತಾರೆ, ಇನ್ನೊಬ್ರು ಜಾಗದ ರೇಟು ಯಾವತ್ತೂ ಬೀಳಲ್ಲ ಅಂತಾರೆ. ಏಜೆಂಟು ಬ್ಯಾಂಕ್ ಲೋನ್ ಸಿಗೋ ಮನೆ ಅಂದ್ಮೇಲೆ ಪೇಪರ್ ಎಲ್ಲಾ ಕ್ಲಿಯರ್ ಅಂತಾನೆ. ಎಲ್ರೂ ಒಳ್ಳೇ ಮನಸ್ಸಿಂದಾನೇ ಹೇಳ್ತಿದಾರೆ, ಅದೇ ಕಷ್ಟ ಆಗಿರೋದು. ಮನೆ ತಗೊಂಡೋರು, ತಗೊಂಡು ಪೆಟ್ಟು ತಿಂದೋರು, ಯಾರ ಯಾವ ಮಾತು ನಿಮ್ಮನ್ನ ಉಳಿಸ್ತು, ಯಾವ್ದು ಕೈ ಕೊಡ್ತು ಸ್ವಲ್ಪ ಬರೀರಿ.

*

ಲೋನ್ ಸಿಕ್ಕಿದ್ರೆ ಪೇಪರ್ ಕ್ಲಿಯರ್ ಅನ್ನೋ ಮಾತು ನಂಬಿ ನಾವು ಮೂರು ವರ್ಷ ಅನುಭವಿಸಿದೀವಿ ಸರ್, ಅದಕ್ಕೇ ಬರೀತಿದೀನಿ. ನಮ್ಮದು ಸ್ವತಂತ್ರ ಮನೆ. ಕ್ರಯಪತ್ರ ಸರಿ ಇತ್ತು, ಮಾರಿದವರು ನಿಜವಾದ ಮಾಲೀಕರೇ, ತೆರಿಗೆ ಕಟ್ಟಿದ್ರು, ಬ್ಯಾಂಕಿನ ಲಾಯರ್ ನೋಡಿ ಓಕೆ ಅಂದಿದ್ರು. ಆದ್ರೆ ರಸ್ತೆಯಿಂದ ಮನೆಗೆ ಬರೋ ದಾರಿ ಇದೆಯಲ್ಲ, ಅದು ಪಕ್ಕದವರ ಜಾಗದಲ್ಲಿತ್ತು. ಮಾರಿದವರೂ ಪಕ್ಕದವರೂ ಸಂಬಂಧಿಕರು, ಹಂಗಾಗಿ ಅಷ್ಟು ವರ್ಷ ಯಾರೂ ಯಾರನ್ನೂ ಕೇಳಿರ್ಲಿಲ್ಲ. ನಾವು ಹೊರಗಿನವರು ಬಂದು ಆರು ತಿಂಗಳಿಗೆ ಅಲ್ಲೊಂದು ಗೇಟು ಬಂತು. ನಮ್ಮತ್ತೆ ಆಸ್ಪತ್ರೆಯಿಂದ ಬಂದ ದಿನ ಅವರನ್ನ ಕುರ್ಚಿ ಸಮೇತ ಎತ್ಕೊಂಡು ಹಿಂದುಗಡೆಯಿಂದ ಒಳಗೆ ತಂದಿದೀವಿ. ಕೊನೆಗೆ ಕೋರ್ಟಿಗೆ ಹೋಗದೆ ಅವರಿಗೇ ದುಡ್ಡು ಕೊಟ್ಟು ಓಡಾಡೋ ಹಕ್ಕನ್ನ ಬರೆಸಿಕೊಂಡು ರಿಜಿಸ್ಟರ್ ಮಾಡಿಸಿದ್ವಿ.

ಆಮೇಲೆ ಯೋಚನೆ ಮಾಡಿದೆ, ನಮಗೆ ಆ ಸಲಹೆ ಕೊಟ್ಟ ನನ್ನ ಸಹೋದ್ಯೋಗಿ ಸುಳ್ಳು ಹೇಳಿರ್ಲಿಲ್ಲ. ಅವರು ತಗೊಂಡಿದ್ದು ದೊಡ್ಡ ಅಪಾರ್ಟ್‌ಮೆಂಟಲ್ಲಿ ಒಂದು ಫ್ಲಾಟ್, ಅಲ್ಲಿ ಗೇಟಿಂದ ಮನೆ ಬಾಗಿಲ ತನಕ ಎಲ್ಲಾ ಸಾಮಾನ್ಯ ಜಾಗ, ದಾರಿ ಅನ್ನೋ ಪ್ರಶ್ನೇನೇ ಅವರಿಗೆ ಬಂದಿರ್ಲಿಲ್ಲ. ಅವರ ಮನೆಗೆ ನಿಜವಾಗಿದ್ದ ಮಾತು ನಮ್ಮ ಮನೆಗೆ ನಿಜ ಆಗಿರ್ಲಿಲ್ಲ ಅಷ್ಟೇ. ಇನ್ನೊಂದು, ಬ್ಯಾಂಕಿನ ಲಾಯರ್ ನೋಡೋದು ಬ್ಯಾಂಕಿಗೋಸ್ಕರ, ನಾಳೆ ಸಾಲ ವಸೂಲಿ ಆಗದಿದ್ರೆ ಈ ಆಸ್ತಿ ಮಾರಬಹುದಾ ಅಂತ. ನಮ್ಮ ಅತ್ತೆ ಎಲ್ಲಿಂದ ಒಳಗೆ ಬರ್ತಾರೆ ಅಂತ ನೋಡೋದು ಅವರ ಕೆಲಸ ಅಲ್ಲ. ನಿಮ್ಮ ದುಡ್ಡಲ್ಲಿ ನಿಮ್ಮದೇ ಒಬ್ಬ ಲಾಯರ್ ಇಟ್ಕೊಳ್ಳಿ. ಪತ್ರದಲ್ಲಿ ಬರೆದಿರೋ ಚೆಕ್ಕುಬಂದಿ, ಅಂದ್ರೆ ನಾಲ್ಕೂ ಕಡೆಯ ಗಡಿ ವಿವರ, ಕೈಯಲ್ಲಿ ಹಿಡ್ಕೊಂಡು ನಾಲ್ಕೂ ದಿಕ್ಕು ನೀವೇ ಕಾಲಲ್ಲಿ ನಡೆದು ನೋಡಿ, ಒಂದು ಸಲ ಸರ್ವೆಯರ್ ಕೈಲಿ ಅಳತೆ ಮಾಡಿಸಿ. ನಾವು ಟೈಲ್ಸ್ ನೋಡಿದ್ವಿ, ಚೆಕ್ಕುಬಂದಿ ನೋಡ್ಲಿಲ್ಲ.

*

ಅಕ್ಕ ಹೇಳಿದ್ದು ನೂರಕ್ಕೆ ನೂರು. ನಾನು ಚಿಕ್ಕಪ್ಪನ ಮಾತಿಗೆ ಬರ್ತೀನಿ. ಅವರು ಸಾಲ ತೀರಿಸಿ ಮುಗಿಸಿ ಕೂತಿರೋರು, ನೀವು ಇನ್ನೂ ಶುರು ಮಾಡ್ಬೇಕಾದೋರು, ಅದಕ್ಕೆ ಒಂದು ಸಲ ಲೆಕ್ಕ ಹಾಕಿ ನೋಡಿ. 9% ಬಡ್ಡಿ, 20 ವರ್ಷ ಅಂತ ಇಟ್ಕೊಳ್ಳಿ. ಮೊದಲ ತಿಂಗಳ ಕಂತಲ್ಲಿ ನೂರಕ್ಕೆ 83 ಬರೀ ಬಡ್ಡಿಗೆ ಹೋಗುತ್ತೆ, ಅಸಲಿಗೆ ಸೇರೋದು 17. ಹತ್ತು ವರ್ಷಕ್ಕೆ ಅರ್ಧ ಸಾಲ ತೀರಿರುತ್ತೆ ಅಂತ ನಾನೂ ಅಂದ್ಕೊಂಡಿದ್ದೆ, ಇಲ್ಲ, ಅಸಲು ಅರ್ಧಕ್ಕೆ ಬರೋಕೆ 14 ವರ್ಷ ಬೇಕು. ಒಟ್ಟು ಕಟ್ಟೋದು ತಗೊಂಡಿದ್ದರ 2.16 ಪಟ್ಟು. ಈಗ ಫ್ಲೋಟಿಂಗ್ ಬಡ್ಡಿ, ಅಂದ್ರೆ ಮಧ್ಯದಲ್ಲಿ ಏರಿಳಿಯೋ ಬಡ್ಡಿ, ಶುರುವಲ್ಲೇ 9 ರಿಂದ 10 ಕ್ಕೆ ಏರ್ತು, ಕಂತು ಮಾತ್ರ ಅಷ್ಟೇ ಇಟ್ರು ಅಂದ್ಕೊಳ್ಳಿ, 20 ವರ್ಷದ ಸಾಲ 26 ವರ್ಷಕ್ಕೆ ಹೋಗುತ್ತೆ. ತಿಂಗಳು ತಿಂಗಳು ಕಟ್ ಆಗೋ ದುಡ್ಡು ಬದಲಾಗದೇ ಇರೋದ್ರಿಂದ ನಮಗೆ ಗೊತ್ತೇ ಆಗಲ್ಲ. ನನಗೆ ಗೊತ್ತಾಗಿದ್ದು ಬೇರೆ ಯಾವುದಕ್ಕೋ ಸ್ಟೇಟ್‌ಮೆಂಟ್ ತೆಗೆಸಿದಾಗ, ನಿವೃತ್ತಿ ಆದ್ಮೇಲೂ ಮೂರು ವರ್ಷ ಕಂತು ಉಳಿದಿತ್ತು, ಆ ರಾತ್ರಿ ನಿದ್ದೆ ಬರ್ಲಿಲ್ಲ. ಅವತ್ತಿಂದ ವರ್ಷಕ್ಕೆ ಒಂದು ಕಂತು ಹೆಚ್ಚಿಗೆ ಕಟ್ತಿದೀನಿ. ಮೊದಲ ವರ್ಷದಿಂದ ಹಂಗೆ ಮಾಡಿದ್ರೆ 20 ವರ್ಷದ್ದು ಸುಮಾರು ಹದಿನಾರೂವರೆ ವರ್ಷಕ್ಕೆ ಮುಗಿಯುತ್ತೆ.

ಬಾಡಿಗೆ ನೀರಿಗೆ ಹಾಕಿದ ದುಡ್ಡು ಅಂತಾರಲ್ಲ, ಬಡ್ಡೀನೂ ವಾಪಸ್ ಬರಲ್ಲ, ರಿಪೇರಿ, ತೆರಿಗೆ, ಮೇಂಟೆನೆನ್ಸೂ ಬರಲ್ಲ. ಮೊದಲ ವರ್ಷದ ಬಡ್ಡಿ ಪ್ಲಸ್ ಇವೆಲ್ಲ ಒಂದು ಕಡೆ, ಅಂಥದ್ದೇ ಮನೆಯ ಒಂದು ವರ್ಷದ ಬಾಡಿಗೆ ಇನ್ನೊಂದು ಕಡೆ ಇಟ್ಟು ನೋಡಿ. ಹಾಗಂತ ಮನೆ ತಗೋಬೇಡಿ ಅಂತಲ್ಲ, ಯಾರೂ ಖಾಲಿ ಮಾಡಿ ಅನ್ನಲ್ಲ ಅನ್ನೋ ನೆಮ್ಮದಿಗೆ ನಾನಂತೂ ಸಂತೋಷವಾಗೇ ದುಡ್ಡು ಕೊಡ್ತಿದೀನಿ, ಆದ್ರೆ ಎಷ್ಟು ಕೊಡ್ತಿದೀನಿ ಅಂತ ಗೊತ್ತಿದ್ದು ಕೊಡ್ತಿದೀನಿ. ಅಮೆರಿಕದಲ್ಲಿರೋ ನೆಂಟರ ಲೆಕ್ಕ ಕೇಳೋಕೆ ಹೋಗ್ಬೇಡಿ, ಅಲ್ಲಿ 30 ವರ್ಷ ಬಡ್ಡಿ ಬದಲಾಗದ ಸಾಲ ಸಾಮಾನ್ಯ. ಬ್ರಿಟನ್ನಲ್ಲಿ ಹೆಚ್ಚಾಗಿ 2 ವರ್ಷಾನೋ 5 ವರ್ಷಾನೋ ಫಿಕ್ಸ್, ಆಮೇಲೆ ಬದಲಾಗುತ್ತೆ. ಇದು ಗೊತ್ತಿಲ್ದೆ ಸಾಲ ಬೇಗ ತೀರಿಸಬೇಕಾ ಬೇಡ್ವಾ ಅಂತ ವಾದ ಮಾಡೋದ್ರಲ್ಲಿ ಅರ್ಥ ಇಲ್ಲ.

*

ರೇಟು ಬೀಳಲ್ಲ ಅನ್ನೋರಿಗೆ: ಜಪಾನಲ್ಲಿ 1991ರ ಆಸುಪಾಸಲ್ಲಿ ಬೀಳೋಕೆ ಶುರುವಾದ ಜಾಗದ ಬೆಲೆ ಹತ್ತು ವರ್ಷಕ್ಕೂ ಮೀರಿ ಬೀಳ್ತಾನೇ ಇತ್ತು. ಐರ್ಲೆಂಡಲ್ಲಿ 2007ರ ನಂತರದ ಐದಾರು ವರ್ಷದಲ್ಲಿ ಮನೆ ಬೆಲೆ ಹತ್ರ ಹತ್ರ ಅರ್ಧ ಆಯ್ತು. ರೇಟು ಬೀಳುತ್ತೆ ಕಾಯಿರಿ ಅನ್ನೋರಿಗೆ: ನಾನು ಏಳು ವರ್ಷ ಕಾದೆ, ಬೀಳ್ಲಿಲ್ಲ. ಎರಡೂ ಕಡೆಯವರು ಅವರವರ ಕಾಲದ ಮಾತು ಹೇಳ್ತಿದಾರೆ. ಗೆದ್ದೋರು ಎಲ್ಲಾ ಮದುವೆ ಮನೇಲೂ ಹೇಳ್ಕೋತಾರೆ, ಕಳ್ಕೊಂಡೋರು ಬಾಯೇ ಬಿಡಲ್ಲ, ಹಂಗಾಗಿ ಕೇಳೋರ ಕಿವಿಗೆ ಬೀಳೋದು ಬರೀ ಲಾಭದ ಕಥೆ.

*

ನೋಡಪ್ಪಾ, ನಾನು ಮೂವತ್ತು ವರ್ಷ ಸೈಟಲ್ಲಿ ಕೆಲಸ ಮಾಡಿದ ಇಂಜಿನಿಯರ್ರು. ಗೋಡೆ ಬಿರುಕು ಬಿಟ್ರೆ ಆ ಮನೆ ಬೇಡ ಅಂತ ಒಬ್ರು, ಬಿರುಕು ಎಲ್ಲಾ ಮನೇಲೂ ಇರುತ್ತೆ ಬಿಡಿ ಅಂತ ಇನ್ನೊಬ್ರು ಹೇಳಿರ್ತಾರೆ. ಎರಡೂ ಅರ್ಧ ಮಾತು. ಕೂದಲೆಳೆಯಷ್ಟು ಸಣ್ಣ ಬಿರುಕು ಹೆಚ್ಚಾಗಿ ಪ್ಲಾಸ್ಟರ್ ಒಣಗುವಾಗ ಬಿಡೋದು, ಅದಕ್ಕೆ ಹೆದರಬೇಡ. ಕಿಟಕಿ ಬಾಗಿಲ ಮೂಲೆಯಿಂದ ಓರೆಯಾಗಿ ಹೋಗಿ ಒಂದು ತುದೀಲಿ ಅಗಲ ಇನ್ನೊಂದು ತುದೀಲಿ ಸಣ್ಣ ಇದ್ರೆ, ಇಟ್ಟಿಗೆ ಸಾಲಿನ ಜೊತೆ ಮೆಟ್ಟಿಲು ಮೆಟ್ಟಿಲಾಗಿ ಹೋಗಿದ್ರೆ, ಅಗಲ 5 ಮಿಲಿಮೀಟರ್ ದಾಟಿದ್ರೆ, ಪಾಯ ಕೂತಿರಬಹುದು, ಅಂಥದ್ದನ್ನ ಸ್ಟ್ರಕ್ಚರಲ್ ಇಂಜಿನಿಯರ್ ನೋಡದೆ ಮುಂದಕ್ಕೆ ಹೋಗಬೇಡ. ಬಿರುಕಿನ ಎರಡೂ ತುದಿಗೆ ಪೆನ್ಸಿಲಲ್ಲಿ ಗೆರೆ ಎಳೆದು ತಾರೀಖು ಬರಿ. ತಿಂಗಳಾದ್ಮೇಲೆ ಗೆರೆ ದಾಟಿ ಬೆಳೆದಿದ್ರೆ ಅದಿನ್ನೂ ಓಡಾಡ್ತಿದೆ ಅಂತ ಅರ್ಥ.

ಮಳೆ ಬಂದ ಮಾರನೇ ದಿನ ಹೋಗು. ಬಿಸಿಲಲ್ಲಿ ನೋಡಿದ ಮನೆ ಪೂರ್ತಿ ನೋಡಿದ ಹಾಗಲ್ಲ. ಒಂದೇ ಒಂದು ಗೋಡೆಗೆ ಹೊಸ ಪೇಂಟ್ ಹೊಡೆದಿದ್ರೆ ಆ ಗೋಡೆ ಆಚೆ ಏನಿದೆ ನೋಡು, ಬಚ್ಚಲು ಇರುತ್ತೆ ಸುಮಾರು ಸಲ. ಕೆಳಗಡೆ ಬಿಳೀ ಪುಡಿ ಉದುರ್ತಿದ್ರೆ ಗೋಡೆ ನೀರು ಎಳೀತಿದೆ, ನೀರಿನ ಜೊತೆ ಮೇಲಕ್ಕೆ ಬಂದ ಉಪ್ಪು ಅದು, ಅದರ ಮೇಲೆ ಎಷ್ಟು ಪೇಂಟ್ ಬಳಿದ್ರೂ ನಿಲ್ಲಲ್ಲ. ಬೀರು ಮುಚ್ಚಿದ್ರೆ ತೆಗೆಸಿ ಮೂಸಿ ನೋಡು, ಸಂಕೋಚ ಬೇಡ, ದುಡ್ಡು ಕೊಡೋನು ನೀನು.

*

ನಾನು ಸಲಹೆ ಕೊಟ್ಟು ಕೆಡಿಸಿದವನು, ಅದನ್ನ ಹೇಳ್ಕೋಬೇಕು ಅನ್ನಿಸ್ತು. ಆಸ್ಟ್ರೇಲಿಯಾದಲ್ಲಿ ಇದ್ದಾಗ ಅಲ್ಲಿ ಮನೆ ತಗೊಂಡೆ. ಅಲ್ಲಿ ಟಾರೆನ್ಸ್ ಅನ್ನೋ ಪದ್ಧತಿ ಇದೆ, 1858ರಲ್ಲಿ ಸೌತ್ ಆಸ್ಟ್ರೇಲಿಯಾದಲ್ಲಿ ಶುರುವಾಗಿದ್ದು. ರಿಜಿಸ್ಟರಲ್ಲಿ ಯಾರ ಹೆಸರು ಇದೆಯೋ ಅವರೇ ಮಾಲೀಕರು ಅಂತ ಸರ್ಕಾರಾನೇ ಖಾತ್ರಿ ಕೊಡುತ್ತೆ. ನನ್ನ ತಮ್ಮ ಭಾರತದಲ್ಲಿ ಮನೆ ತಗೊಳೋವಾಗ ಫೋನಲ್ಲಿ ಕೇಳ್ದ, ಅಣ್ಣಾ ಹಳೇ ಪತ್ರಗಳನ್ನ ಎಲ್ಲಿವರೆಗೆ ನೋಡ್ಬೇಕು ಅಂತ. ಮಾರೋರ ಹೆಸರಲ್ಲಿ ರಿಜಿಸ್ಟರ್ ಆಗಿದೆಯಲ್ಲ, ಸುಮ್ನೆ ತಗೋ ಅಂದೆ. ಭಾರತದ 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಆಗೋದು ಪತ್ರ, ಮಾಲೀಕತ್ವಕ್ಕೆ ಅದು ಖಾತ್ರಿ ಅಲ್ಲ, ಮಾರಿದವನಿಗೇ ಪೂರ್ತಿ ಹಕ್ಕಿಲ್ದಿದ್ರೆ ರಿಜಿಸ್ಟರ್ ಆದ ಮಾತ್ರಕ್ಕೆ ಹಕ್ಕು ಹುಟ್ಟಲ್ಲ ಅಂತ ನನಗೆ ಗೊತ್ತಿರ್ಲಿಲ್ಲ. ಒಂದು ವರ್ಷ ಆದ್ಮೇಲೆ ಮಾರಿದವರ ತಂಗಿ ಬಂದ್ರು, ಅಪ್ಪನ ಆಸ್ತಿ, ನನ್ನ ಸೈನೇ ಇಲ್ಲ ಅಂತ. ಅವರು ಕೇಳಿದ್ದು ತಪ್ಪೇನಲ್ಲ, ಅವರ ಪಾಲು ಅದು. ಕೇಸು ಇನ್ನೂ ನಡೀತಿದೆ. ತಮ್ಮ ಒಂದು ದಿನಾನೂ ನನ್ನ ಬೈದಿಲ್ಲ, ಅದೇ ನನಗೆ ತಡ್ಕೊಳೋಕಾಗಲ್ಲ. ಈಗ ಯಾರಾದ್ರೂ ಕೇಳಿದ್ರೆ ಮೊದಲು ಯಾವ ಊರು, ಯಾವ ಥರದ ಆಸ್ತಿ, ಯಾರಿಂದ ಬಂದಿದ್ದು ಅಂತ ಕೇಳ್ತೀನಿ, ಗೊತ್ತಿಲ್ದಿದ್ರೆ ಗೊತ್ತಿಲ್ಲ ಅಂತೀನಿ. ಸಲಹೆ ಕೊಡೋರು ನಿಮ್ಮನ್ನ ಏನೂ ಕೇಳ್ದೇ ತಗೋ ಅಥವಾ ಬೇಡ ಅಂದ್ರೆ ದಯವಿಟ್ಟು ಅಲ್ಲಿಗೆ ನಿಲ್ಲಿಸಿಬಿಡಿ.

*

ಇನ್ನೊಂದು ಚಿಕ್ಕದು. ಬೇರೆಯವರು ಬಂದುಬಿಡ್ತಾರೆ ಇವತ್ತೇ ಅಡ್ವಾನ್ಸ್ ಹಾಕಿ ಅಂತ ಏಜೆಂಟ್ ಹೇಳೇ ಹೇಳ್ತಾರೆ, ಅವರಿಗೆ ಕಮಿಷನ್ ಸಿಗೋದು ವ್ಯವಹಾರ ಮುಗಿದ್ರೆ ಮಾತ್ರ. ಕೊಡಲೇಬೇಕು ಅಂದ್ರೆ ರಶೀದಿಲಿ ಸಾಲ ಸಿಗದಿದ್ರೆ, ದಾಖಲೆಲಿ ದೋಷ ಕಂಡ್ರೆ ಇಷ್ಟು ದಿನದೊಳಗೆ ಪೂರ್ತಿ ವಾಪಸ್ ಅಂತ ಬರೆಸಿ ಸೈನ್ ಮಾಡಿಸಿ. ನಾನು ಬಾಯಿಮಾತಲ್ಲಿ ಕೊಟ್ಟು ಒಂದು ಪೈಸೆ ವಾಪಸ್ ಬರ್ಲಿಲ್ಲ.

*

ಪ್ರಶ್ನೆ ಕೇಳಿದವನು ನಾನೇ. ಎರಡು ಸಲ ಓದಿದೆ, ಹೆಂಡತಿಗೂ ಓದಿ ಹೇಳ್ದೆ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಚಿಕ್ಕಪ್ಪನಿಗೆ ಫೋನ್ ಮಾಡಿ ನೀವು ಮನೆ ತಗೊಂಡಾಗ ಸಂಬಳದಲ್ಲಿ ಎಷ್ಟು ಭಾಗ ಕಂತಿಗೆ ಹೋಗ್ತಿತ್ತು ಅಂತ ಕೇಳ್ದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ ಐದನೇ ಒಂದು ಭಾಗ ಇದ್ದಿರಬಹುದು ಅಂದ್ರು. ನಮಗೆ ಬ್ಯಾಂಕು ಕೊಡ್ತೀನಿ ಅಂದಿರೋ ಸಾಲಕ್ಕೆ ಅರ್ಧ ಸಂಬಳ ಹೋಗುತ್ತೆ ಚಿಕ್ಕಪ್ಪಾ ಅಂದೆ. ಅಷ್ಟಾ, ಹಂಗಾದ್ರೆ ಬೇಡಪ್ಪ, ಚಿಕ್ಕದು ನೋಡು ಅಂದ್ರು. ಏಜೆಂಟ್ ಹತ್ರ ಪತ್ರದ ನಕಲು, ಚೆಕ್ಕುಬಂದಿ ಕೇಳಿ ನಾಲ್ಕು ದಿನ ಆಯ್ತು, ಇನ್ನೂ ಕಳಿಸಿಲ್ಲ. ಅಡ್ವಾನ್ಸ್ ಯಾವಾಗ ಹಾಕ್ತೀರಾ ಅಂತ ಮಾತ್ರ ಎರಡು ಸಲ ಕೇಳಿದಾನೆ. ಇಲ್ಲಿ ಮೋಡ ಕಟ್ತಿದೆ, ಮಳೆ ಬಂದ ಮಾರನೇ ದಿನ ಇಬ್ರೂ ರಜೆ ಹಾಕಿ ಆ ಮನೆ ಹತ್ರ ಹೋಗ್ತೀವಿ.